ಡೀಸೆಲ್ ಕಾರಿನ ತಪಾಸಣೆ: ಹೊಗೆ ಹೋದ ಮೇಲೆ ಉಳಿದದ್ದು

ಹೊಗೆಯನ್ನು ಮೊದಲು ಅಳೆದದ್ದು ಕಣ್ಣು. 19ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್‌ನ ಪ್ರೊಫೆಸರ್ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ ಬಿಳಿ ಹಾಳೆಯ ಮೇಲೆ ಕಪ್ಪು ಗೆರೆಗಳ ಚೌಕುಳಿ ಎಳೆದು ಒಂದು ಪಟ ಮಾಡಿದರು. ಗೆರೆ ದಪ್ಪಗಾದಷ್ಟೂ ದೂರದಿಂದ ಚೌಕ ಕಪ್ಪಾಗಿ ಕಾಣುತ್ತದೆ. ಚಿಮಣಿಯ ಹೊಗೆ ಯಾವ ಚೌಕಕ್ಕೆ ಹೊಂದುತ್ತದೋ ಅದೇ ಅದರ ಅಂಕ. ಕಾರ್ಖಾನೆಗಳಿಗಾಗಿ ಹುಟ್ಟಿದ ಈ ಪಟದ ತರ್ಕವೇ ಮುಂದೆ ರಸ್ತೆಗೂ ಬಂತು: ಕಪ್ಪು ಹೊಗೆ ಬಿಟ್ಟರೆ ತಪ್ಪು, ಬಿಡದಿದ್ದರೆ ಸರಿ. ಡೀಸೆಲ್ ಕಾರುಗಳ ನಿಯತ ತಪಾಸಣೆಯ ಚರಿತ್ರೆಯೆಂದರೆ ಈ ತರ್ಕದಿಂದ ಬಿಡಿಸಿಕೊಳ್ಳಲು ಯುರೋಪು ಪಟ್ಟ ಪಾಡಿನ ಚರಿತ್ರೆ. ಬಿಡುಗಡೆ ಇನ್ನೂ ಪೂರ್ತಿಯಾಗಿಲ್ಲ.

ಆರಂಭದ ತಪಾಸಣೆಗಳಿಗೆ ಹೊಗೆ ಒಂದು ವಿಷಯವೇ ಆಗಿರಲಿಲ್ಲ. ಬ್ರಿಟನ್‌ನಲ್ಲಿ 1960ರಲ್ಲಿ ಶುರುವಾದ ಎಂಒಟಿ ಪರೀಕ್ಷೆ ನೋಡುತ್ತಿದ್ದುದು ಬ್ರೇಕು, ದೀಪ, ಸ್ಟೀರಿಂಗ್ ಇಷ್ಟನ್ನೇ. ಅದೂ ಹತ್ತು ವರ್ಷ ದಾಟಿದ ಕಾರುಗಳಲ್ಲಿ. ಜರ್ಮನಿಯಲ್ಲಿ ವಾಹನ ತಪಾಸಣೆ ನಡೆಸುವ ಟ್ಯೂಫ್ ಸಂಸ್ಥೆಗಳ ಬೇರು ಕಾರಿಗಿಂತಲೂ ಹಳೆಯದು: ಹಬೆ ಬಾಯ್ಲರುಗಳು ಸಿಡಿಯದಂತೆ ನೋಡಿಕೊಳ್ಳಲು 1866ರಲ್ಲಿ ಮ್ಯಾನ್‌ಹೈಮ್‌ನಲ್ಲಿ ಕಟ್ಟಿಕೊಂಡ ಸಂಘ ಅದು. ಬಾಯ್ಲರ್ ಸಿಡಿಯುವುದು, ಬ್ರೇಕ್ ಹಿಡಿಯದಿರುವುದು ಕೂಡಲೇ ಕೊಲ್ಲುವ ದೋಷಗಳು. ನಿಧಾನವಾಗಿ ಕೊಲ್ಲುವ ದೋಷವನ್ನು ಹುಡುಕುವ ಅಭ್ಯಾಸ ಈ ವೃತ್ತಿಗೆ ತಡವಾಗಿ ಬಂತು.

ಉಪಕರಣವೇನೋ ಮೊದಲೇ ಸಿದ್ಧವಿತ್ತು. ಇಂಗ್ಲೆಂಡಿನ ಹಾರ್ಟ್ರಿಜ್ ಕಂಪನಿಯ ಹೊಗೆಮಾಪಕದಲ್ಲಿ 43 ಸೆಂಟಿಮೀಟರ್ ಉದ್ದದ ಕೊಳವೆ, ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಬೆಳಕು ಗುರುತಿಸುವ ಸೆಲ್. ಹೊಗೆ ಎಷ್ಟು ಬೆಳಕನ್ನು ತಡೆಯಿತೋ ಅಷ್ಟು ಅಂಕ. ನಮ್ಮ ಎಮಿಷನ್ ಟೆಸ್ಟಿನ ನಿಯಮಗಳಲ್ಲಿ ಬರುವ ‘ಎಚ್‌ಎಸ್‌ಯು’ದ ಮೊದಲ ಅಕ್ಷರ ಈ ಕಂಪನಿಯದೇ. ಹಳೆಯ ಡೀಸೆಲ್ ಗಾಡಿಗಳಿಗೆ ನಮ್ಮಲ್ಲಿ 65 ಎಚ್‌ಎಸ್‌ಯುವರೆಗೆ ವಿನಾಯಿತಿ. ಅಂದರೆ ಮೊಳದುದ್ದದ ಕೊಳವೆಯಲ್ಲಿ ಬೆಳಕಿನ ಮೂರನೇ ಎರಡು ಪಾಲು ಮಾಯವಾದರೂ ಗಾಡಿ ಪಾಸು. ಉದಾರ ಕಾನೂನು!

ಯುರೋಪಿನಲ್ಲಿ 1992ರ ನಿರ್ದೇಶನದ ನಂತರ ಹೊಗೆ ಪರೀಕ್ಷೆ ಕಡ್ಡಾಯದ ಹಾದಿ ಹಿಡಿಯಿತು. ಜರ್ಮನಿಯಲ್ಲಿ ಡೀಸೆಲ್ ಕಾರುಗಳಿಗೆ 1993ರ ಡಿಸೆಂಬರಿನಿಂದ ಜಾರಿಗೆ ಬಂತು. ವಿಧಾನ ಸರಳ, ಒರಟು. ಎಂಜಿನ್ ಬಿಸಿಯಾಗಿರಬೇಕು, ಗೇರು ನ್ಯೂಟ್ರಲ್‌ನಲ್ಲಿರಬೇಕು. ಆಕ್ಸಿಲರೇಟರನ್ನು ತಟ್ಟನೆ ಪೂರ್ತಿ ಒತ್ತಿ, ಎಂಜಿನ್ ತನ್ನ ವೇಗದ ತುತ್ತತುದಿ ಮುಟ್ಟುವಾಗ ಹೊಮ್ಮುವ ಹೊಗೆಯ ಗರಿಷ್ಠ ಅಂಕ ಹಿಡಿಯಬೇಕು. ಹೀಗೆ ಕೆಲವು ಸಲ ಮಾಡಿ ಸರಾಸರಿ. ಮಿತಿ ಬೆಳಕಿನ ಹೀರಿಕೆಯ ಲೆಕ್ಕದಲ್ಲಿ ಮೀಟರಿಗೆ 2.5; ಟರ್ಬೊ ಇದ್ದರೆ 3. ಟರ್ಬೊಗೆ ರಿಯಾಯಿತಿ ಏಕೆಂದರೆ, ಪೆಡಲ್ ಒತ್ತಿದೊಡನೆ ಇಂಧನ ನುಗ್ಗುತ್ತದೆ, ಆದರೆ ಟರ್ಬೊ ವೇಗ ಪಡೆದು ಗಾಳಿ ಒದಗಿಸುವುದು ಒಂದು ಕ್ಷಣ ತಡ. ಆ ಕ್ಷಣದಲ್ಲಿ ಮಸಿ ಹೆಚ್ಚು. ಕಾರಿನ ಮಾಲೀಕರಿಗೆ ಈ ಪರೀಕ್ಷೆ ಕಂಡರೆ ಬೇರೆಯೇ ಭಯ: ಸವೆದ ಟೈಮಿಂಗ್ ಬೆಲ್ಟ್ ಆ ರಭಸಕ್ಕೆ ಕಿತ್ತುಹೋದರೆ ಎಂಜಿನ್ನೇ ಹೋದಂತೆ. ಹೆದ್ದಾರಿಯಲ್ಲಿ ಒಂದು ಸುತ್ತು ಜೋರಾಗಿ ಓಡಿಸಿ, ಮಸಿ ಉದುರಿಸಿಕೊಂಡು ತಪಾಸಣೆಗೆ ಬರುವ ಜಾಣತನವೂ ಆಗಲೇ ರೂಢಿಯಾಯಿತು.

ನಿಜವಾದ ತಿರುವು ತಂದದ್ದು ಕಾನೂನಲ್ಲ, ಎಂಜಿನಿಯರುಗಳು. 2000ದಲ್ಲಿ ಪ್ಯೂಜೊ 607 ಕಾರು ಮಸಿ ಸೋಸುವ ಫಿಲ್ಟರ್ ಹೊತ್ತು ಮಾರುಕಟ್ಟೆಗೆ ಬಂತು. ಒಳಗೆ ಪಿಂಗಾಣಿಯಂಥ ಜೇನುಗೂಡು. ಅದರ ಕಿಂಡಿಗಳ ಬಾಯಿ ಒಂದು ಬಿಟ್ಟು ಒಂದು ಮುಚ್ಚಿರುವುದರಿಂದ ಅನಿಲ ಗೋಡೆಯ ಮೂಲಕವೇ ತೂರಿಹೋಗಬೇಕು, ಮಸಿ ಹಿಂದೆ ಉಳಿಯುತ್ತದೆ. ಕೂಡಿದ ಮಸಿಯನ್ನು ಕಾರು ಆಗಾಗ ತಾನೇ ಸುಟ್ಟುಕೊಳ್ಳುತ್ತದೆ. 2009ರ ಯುರೋ 5 ಮಾನದಂಡದೊಂದಿಗೆ ಈ ಡಿಪಿಎಫ್ ಎಲ್ಲ ಹೊಸ ಡೀಸೆಲ್ ಕಾರುಗಳ ಅಂಗವಾಯಿತು. 2011ರಿಂದ ಹೊಸ ಮಾದರಿಗಳು ಕಿಲೋಮೀಟರಿಗೆ ಎಷ್ಟು ಮಿಲಿಗ್ರಾಂ ಮಸಿ ಎಂಬುದಕ್ಕೆ ಮಾತ್ರವಲ್ಲ, ಎಷ್ಟು ಕಣ ಎಂಬುದಕ್ಕೂ ಉತ್ತರ ಕೊಡಬೇಕಾಯಿತು. ಹೀಗೆ ಕಾರ್ಖಾನೆಯ ಬಾಗಿಲಲ್ಲಿ ಕಣ ಎಣಿಸುತ್ತಿದ್ದರೆ, ತಪಾಸಣಾ ಕೇಂದ್ರದಲ್ಲಿ ಮಾತ್ರ ಇನ್ನೂ ಹೊಗೆಯ ಕಪ್ಪನ್ನೇ ನೋಡುತ್ತಿದ್ದರು.

ಡೀಸೆಲ್ ಮಸಿಯ ಕಣ ಬಹುಪಾಲು 100 ನ್ಯಾನೊಮೀಟರಿಗಿಂತ ಚಿಕ್ಕದು. ಕಣ್ಣಿಗೆ ಕಾಣುವ ಬೆಳಕಿನ ತರಂಗವೇ 400ರಿಂದ 700 ನ್ಯಾನೊಮೀಟರ್. ಇಂಥ ಕಣವನ್ನು ಬೆಳಕಿನ ತಡೆಯಿಂದ ಹಿಡಿಯಹೊರಡುವುದು ಸೌದೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ. ಫಿಲ್ಟರ್ ಸೀಳಿದ್ದರೂ ಹೊಗೆಮಾಪಕ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಇದನ್ನು ಮೊದಲು ಕಂಡುಕೊಂಡವರು ವಂಚಕರು. ಕಟ್ಟಿಕೊಂಡ ಫಿಲ್ಟರ್ ಬದಲಿಸುವುದು ದುಬಾರಿ. ಡಬ್ಬಿ ಕೊಯ್ದು, ಜೇನುಗೂಡನ್ನು ಒಡೆದು ತೆಗೆದು, ಮತ್ತೆ ವೆಲ್ಡ್ ಮಾಡಿ, ಕಾರಿನ ಕಂಪ್ಯೂಟರಿಗೂ ಸುಳ್ಳು ಹೇಳಿಕೊಡುವ ಗ್ಯಾರೇಜುಗಳು ಯುರೋಪಿನಾದ್ಯಂತ ಹುಟ್ಟಿದವು. ಬ್ರಿಟನ್ 2014ರಲ್ಲಿ ಫಿಲ್ಟರ್ ಇದೆಯೇ ಎಂದು ನೋಡುವುದನ್ನು ಎಂಒಟಿಗೆ ಸೇರಿಸಿತು. ನೋಡುವುದು ಎಂದರೆ ಬಗ್ಗಿ ನೋಡುವುದು. ಡಬ್ಬಿ ಜಾಗದಲ್ಲಿದ್ದರೆ ಅದು ಟೊಳ್ಳೋ ಗಟ್ಟಿಯೋ ಹೊರಗಿನಿಂದ ಗೊತ್ತಾಗದು.

ಜರ್ಮನಿ ಇನ್ನೊಂದು ದಾರಿ ಹಿಡಿದಿತ್ತು. 2006ರಿಂದ ನೋಂದಣಿಯಾದ ಕಾರುಗಳಲ್ಲಿ ಸ್ವಯಂನಿಗಾ ವ್ಯವಸ್ಥೆ ‘ದೋಷವಿಲ್ಲ’ ಎಂದರೆ ಹೊಗೆಕೊಳವೆಗೆ ಅಳತೆಯ ಸಲಾಕೆ ತೂರಿಸುವ ಅಗತ್ಯವೇ ಇಲ್ಲ. ಆಪಾದಿತನ ಮಾತನ್ನೇ ಸಾಕ್ಷಿಯಾಗಿ ಒಪ್ಪಿದ ಹಾಗಾಯಿತು. ಆ ನಂಬಿಕೆ ಮುರಿದದ್ದು 2015ರ ಸೆಪ್ಟೆಂಬರಿನಲ್ಲಿ. ಫೋಕ್ಸ್‌ವ್ಯಾಗನ್ ಕಾರುಗಳು ಪ್ರಯೋಗಾಲಯವನ್ನು ಗುರುತಿಸಿ ಅಲ್ಲಿ ಮಾತ್ರ ಸಭ್ಯವಾಗಿ ನಡೆದುಕೊಳ್ಳುತ್ತವೆ, ರಸ್ತೆಯಲ್ಲಿ ಸಾರಜನಕದ ಆಕ್ಸೈಡುಗಳನ್ನು ಮಿತಿಯ 40 ಪಟ್ಟಿನವರೆಗೂ ಉಗುಳುತ್ತವೆ ಎಂದು ಅಮೆರಿಕದ ಪರಿಸರ ಸಂಸ್ಥೆ ಪ್ರಕಟಿಸಿತು. ಸುಳಿವು ಕೊಟ್ಟದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡ; ಕಾರಿನ ಹಿಂಬದಿಗೆ ಉಪಕರಣ ಕಟ್ಟಿಕೊಂಡು ರಸ್ತೆಯಲ್ಲೇ ಅಳೆದವರು ಅವರು. ಆ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಇದ್ದರು. ಜರ್ಮನಿಯ ತಪಾಸಣಾ ಕೇಂದ್ರಗಳಲ್ಲಿ 2018ರಿಂದ ಮತ್ತೆ ಹೊಗೆಕೊಳವೆಗೆ ಸಲಾಕೆ ಕಡ್ಡಾಯ. ಆದರೆ ತಮಾಷೆಯೆಂದರೆ, ಆ ಹಗರಣದ ಅನಿಲವನ್ನು ಈ ಸಲಾಕೆ ಅಳೆಯುತ್ತಲೇ ಇರಲಿಲ್ಲ.

ಕಣ ಎಣಿಸುವ ವಿದ್ಯೆ ಬಂದದ್ದು ಸುರಂಗದಿಂದ. 1990ರ ದಶಕದಲ್ಲಿ ಆಲ್ಪ್ಸ್ ಪರ್ವತದಡಿ ಉದ್ದದ ರೈಲು ಸುರಂಗಗಳಿಗೆ ಸಿದ್ಧವಾಗುತ್ತಿದ್ದ ಸ್ವಿಟ್ಜರ್ಲೆಂಡಿಗೆ, ಒಳಗೆ ಡೀಸೆಲ್ ಯಂತ್ರಗಳೊಂದಿಗೆ ಉಸಿರಾಡಬೇಕಾದ ಕಾರ್ಮಿಕರ ಶ್ವಾಸಕೋಶದ ಚಿಂತೆ. ವೆರ್ಟ್ ಎಂಬ ಯೋಜನೆಯ ತಜ್ಞರು ಮಸಿಯನ್ನು ತೂಗಿದರೆ ಸಾಲದು, ಎಣಿಸಬೇಕು ಎಂದು ಪಟ್ಟು ಹಿಡಿದರು. ದೊಡ್ಡದೊಂದು ಕಣದ ತೂಕದಲ್ಲಿ ಸಾವಿರಾರು ಸಣ್ಣವು ಅಡಗಿಕೊಳ್ಳುತ್ತವೆ, ಶ್ವಾಸಕೋಶದ ಆಳಕ್ಕೆ ಇಳಿಯುವುದು ಸಣ್ಣವೇ. ಗ್ಯಾರೇಜಿನಲ್ಲಿ ಇಡಬಹುದಾದಷ್ಟು ಗಟ್ಟಿಮುಟ್ಟಾದ ಎಣಿಕೆ ಯಂತ್ರ ಬರಲು ಇನ್ನೆರಡು ದಶಕ ಬೇಕಾಯಿತು. ಬೆಲ್ಜಿಯಂ 2022ರ ಜುಲೈನಲ್ಲಿ, ನೆದರ್ಲೆಂಡ್ಸ್ ಮತ್ತು ಸ್ವಿಟ್ಜರ್ಲೆಂಡ್ 2023ರ ಜನವರಿಯಲ್ಲಿ, ಜರ್ಮನಿ ಅದೇ ವರ್ಷದ ಜುಲೈನಲ್ಲಿ ತಪಾಸಣೆಯಲ್ಲಿ ಕಣ ಎಣಿಸಲು ಶುರುಮಾಡಿದವು.

ಹೊಸ ಪರೀಕ್ಷೆಯಲ್ಲಿ ಗುಡುಗಾಟವಿಲ್ಲ. ಎಂಜಿನ್ ಸುಮ್ಮನೆ ಐಡಲ್‌ನಲ್ಲಿ ಓಡುತ್ತಿರುತ್ತದೆ, ಟೈಮಿಂಗ್ ಬೆಲ್ಟಿನ ಭಯವಿಲ್ಲ, ಕೆಲವೇ ನಿಮಿಷ. ಫಿಲ್ಟರ್ ಸರಿಯಿದ್ದರೆ ಅನಿಲದ ಒಂದು ಘನ ಸೆಂಟಿಮೀಟರಿನಲ್ಲಿ ಕೆಲವೇ ಸಾವಿರ ಕಣ. ವಾಹನ ದಟ್ಟಣೆಯ ರಸ್ತೆಬದಿಯ ಗಾಳಿಯೇ ಅದಕ್ಕಿಂತ ಕೊಳಕಾಗಿರಬಹುದು. ಫಿಲ್ಟರ್ ಇಲ್ಲದಿದ್ದರೆ ಎಣಿಕೆ ದಶಲಕ್ಷಗಳಿಗೆ ಜಿಗಿಯುತ್ತದೆ. ಅನುಮಾನಕ್ಕೆ ಎಡೆಯೇ ಇಲ್ಲದಷ್ಟು ಅಂತರ. ಹಾಗಿದ್ದೂ ಮಿತಿಯ ವಿಷಯದಲ್ಲಿ ದೇಶಕ್ಕೊಂದು ಲೆಕ್ಕ: ಜರ್ಮನಿ, ಸ್ವಿಟ್ಜರ್ಲೆಂಡ್ 2,50,000ಕ್ಕೆ ಗೆರೆ ಎಳೆದರೆ ಬೆಲ್ಜಿಯಂ, ನೆದರ್ಲೆಂಡ್ಸ್ 10 ಲಕ್ಷದವರೆಗೆ ಸಹಿಸುತ್ತವೆ. ಜರ್ಮನಿಯ ಕಟ್ಟುನಿಟ್ಟಿಗೂ ಒಂದು ತೂತಿದೆ. ಅದು ಎಣಿಸುವುದು ಯುರೋ 6 ಕಾರುಗಳನ್ನು ಮಾತ್ರ. ಫಿಲ್ಟರ್ ಕಿತ್ತೆಸೆಯುವ ಆಸೆ ಹೆಚ್ಚಿರುವುದು ಹಳೆಯ ಯುರೋ 5 ಕಾರುಗಳ ಒಡೆಯರಿಗೆ, ಅವರೇ ಹೊರಗುಳಿದರು. ಆ ಮಟ್ಟಿಗೆ ಡಚ್ಚರ ಸಡಿಲ ಮಿತಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆಂದು ನನ್ನ ಎಣಿಕೆ, ಏಕೆಂದರೆ ಫಿಲ್ಟರ್ ಇರಬೇಕಾದ ಹಳೆಯ ಕಾರುಗಳನ್ನೂ ಅವರು ಸಾಲಿನಲ್ಲಿ ನಿಲ್ಲಿಸುತ್ತಾರೆ.

ಸಾರಜನಕದ ಆಕ್ಸೈಡುಗಳು ಇಂದಿಗೂ ಕಗ್ಗಂಟು. ಎಂಜಿನ್ನಿನ ಮೇಲೆ ಭಾರ ಬಿದ್ದಾಗಲೇ ಅವು ಹೆಚ್ಚುವುದರಿಂದ ನಿಂತ ಕಾರಿನಲ್ಲಿ ಅಳೆದು ಪ್ರಯೋಜನ ಕಡಿಮೆ. ರೋಲರುಗಳ ಮೇಲೆ ಓಡಿಸಿ ಅಳೆಯಲು ಹಣ, ಹೊತ್ತು ಎರಡೂ ಬೇಕು. ಯುರೋಪಿಯನ್ ಕಮಿಷನ್ 2025ರ ಏಪ್ರಿಲ್‌ನಲ್ಲಿ ಮಂಡಿಸಿದ ತಿದ್ದುಪಡಿಗಳಲ್ಲಿ ಕಣ ಎಣಿಕೆಯ ಜೊತೆಗೆ ಈ ಅನಿಲಗಳ ಅಳತೆಯನ್ನೂ, ಹತ್ತು ವರ್ಷ ದಾಟಿದ ಕಾರುಗಳಿಗೆ ವರ್ಷಕ್ಕೊಮ್ಮೆ ತಪಾಸಣೆಯನ್ನೂ ಸೂಚಿಸಿದೆ.

ನಮ್ಮಲ್ಲಿ ಕೇಂದ್ರ ಮೋಟಾರು ವಾಹನ ನಿಯಮ 115ರ ಪ್ರಕಾರ ಡೀಸೆಲ್ ಗಾಡಿಗೆ ಹೊಗೆಮಾಪಕವೇ ನ್ಯಾಯಾಧೀಶ. ಬಿಎಸ್4 ಕಾರುಗಳಿಗೆ ಮಿತಿ 50 ಎಚ್‌ಎಸ್‌ಯುಗೆ ಇಳಿದಿದೆ, ಸರ್ಟಿಫಿಕೇಟಿಗೆ ಒಂದು ವರ್ಷದ ಆಯುಷ್ಯ. ಆದರೆ 2020ರ ಏಪ್ರಿಲ್‌ನಿಂದ ಕಡ್ಡಾಯವಾದ ಬಿಎಸ್6 ಡೀಸೆಲ್ ಕಾರುಗಳೆಲ್ಲ ಡಿಪಿಎಫ್ ಹೊತ್ತವು, ಅದನ್ನು ಕಿತ್ತುಹಾಕುವ ಗ್ಯಾರೇಜುಗಳೂ ಬಂದಾಗಿವೆ. ಖಾಸಗಿ ಕಾರಿಗೆ ಆರ್‌ಟಿಒ ಎಫ್‌ಸಿ ಕೇಳುವುದು 15 ವರ್ಷಕ್ಕೆ. 2020ರಲ್ಲಿ ಬಂದ ಬಿಎಸ್6 ಕಾರುಗಳು ಆ ಸಾಲಿಗೆ ಬರುವುದು 2035ರಲ್ಲಿ. ಅಲ್ಲಿಯವರೆಗೆ ಅವುಗಳ ಫಿಲ್ಟರಿನ ಬಗ್ಗೆ ವರ್ಷಕ್ಕೊಮ್ಮೆ ಏನಾದರೂ ಹೇಳಬೇಕಾದದ್ದು ಪೆಟ್ರೋಲ್ ಬಂಕಿನ ಪಕ್ಕದ ಎಮಿಷನ್ ಟೆಸ್ಟ್ ವ್ಯಾನು ಮಾತ್ರ.