ಕವಿರಾಜಮಾರ್ಗದ ದೋಷವಿಚಾರ ಮತ್ತು ಕೇಳುಗನ ಕಿವಿ

ತಾಜಸುಲ್ತಾನಪುರ, ಕಲಬುರಗಿ, ಕಮಲಾಪುರಗಳಿರುವ ಜಿಲ್ಲೆಯಲ್ಲಿಯೇ ಕಾಗಿಣಾ ನದಿಯ ದಡದ ಮಳಖೇಡವೂ ಇದೆ. ಅದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಕವಿರಾಜಮಾರ್ಗವು, ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು.

ಮೂರು ಪರಿಚ್ಛೇದಗಳ ಈ ಲಕ್ಷಣಗ್ರಂಥವು ದಂಡಿಯ ಕಾವ್ಯಾದರ್ಶಕ್ಕೆ ಬಹುವಾಗಿ ಋಣಿ. ಆದರೆ ದಂಡಿಯಿಂದ ಬೇರೆಯಾಗಿ ನಿಲ್ಲುವ ಎಡೆಗಳನ್ನು ಕೂಡಿಸಿ ನೋಡಿದರೆ, ಅಲ್ಲಿ ಕನ್ನಡದ ಕೇಳುಗನೇ ಪ್ರಮಾಣವಾಗಿರುವುದು ತಿಳಿಯುತ್ತದೆ.

ಮೊದಲನೆಯದು ಪ್ರಾಸ. ಸಂಸ್ಕೃತ ಪದ್ಯಕ್ಕೆ ಆದಿಪ್ರಾಸ ಕಡ್ಡಾಯವಲ್ಲ. ಕನ್ನಡ ಪದ್ಯದಲ್ಲಿ ಪಾದಪಾದದ ಎರಡನೆಯ ಅಕ್ಷರವು ಒಂದೇ ವ್ಯಂಜನವಾಗಿ ಮರಳಬೇಕು. ಕನ್ನಡದ ಕವಿಗಳು ಖಂಡಪ್ರಾಸವನ್ನು ಅತಿಶಯವೆಂದು ಬಗೆದು ಯತಿಯನ್ನು ಮೀರಿದರೆಂದು ಗ್ರಂಥವೇ ಹೇಳುತ್ತದೆ. ನನ್ನ ಓದಿಗೆ ಇದರ ಕಾರಣ ಸ್ಪಷ್ಟ: ಓಲೆಯನ್ನು ಕಾಣದವನಿಗೆ ಹೊಸ ಪಾದ ತೊಡಗಿತೆಂಬುದನ್ನು ಪ್ರಾಸವೇ ತಿಳಿಸುತ್ತದೆ, ಪದ್ಯವನ್ನು ನೆನಪಿನಲ್ಲಿ ಹಿಡಿದಿಡುವುದೂ ಅದೇ.

ಎರಡನೆಯದು ಸಮಾಸ. ಸಂಸ್ಕೃತ ಪದಗಳನ್ನು ಗ್ರಂಥಕಾರನು ನಿಷೇಧಿಸುವುದಿಲ್ಲ. ಆದರೆ ಅವನ್ನು ಅಚ್ಚಗನ್ನಡ ಪದದೊಡನೆ ಒಂದೇ ಸಮಾಸದಲ್ಲಿ ಬೆಸೆದರೆ, ಕಾಯಿಸಿದ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ವಿರಸವಾಗುತ್ತದೆ ಎನ್ನುತ್ತಾನೆ. ಬಳಕೆ ತಪ್ಪಿದ ಹಳಗನ್ನಡ ಪದಗಳನ್ನು ಎಡೆಯರಿಯದೆ ತರುವುದೂ ದೋಷವೇ. ಇವು ಬರಿಯ ವ್ಯಾಕರಣದ ಕಟ್ಟುಪಾಡುಗಳಲ್ಲ. ಕೇಳುತ್ತಿರುವವನ ಮನಸ್ಸು ಎಲ್ಲಿ ಮುಗ್ಗರಿಸುತ್ತದೆಂಬುದರ ಲೆಕ್ಕ.

ಈ ಕೇಳುಗನು ಯಾರು? ಆಸ್ಥಾನದ ಪಂಡಿತನೊಬ್ಬನೇ ಅಲ್ಲ. ಓದದವರೂ ತಂತಮ್ಮ ನುಡಿಯಲ್ಲಿ ಜಾಣರು, ಸಣ್ಣ ಮಕ್ಕಳೂ ಮೂಗರೂ ಸಹ ವಿವೇಕವನ್ನು ಅರುಹಬಲ್ಲರು ಎಂದು ಕೃತಿ ನಾಡವರನ್ನು ಬಣ್ಣಿಸುತ್ತದೆ. ಇದನ್ನು ನಾವು ನಾಡಿನ ಹೊಗಳಿಕೆಯೆಂದು ಮಾತ್ರ ಉದ್ಧರಿಸುತ್ತ ಬಂದಿದ್ದೇವೆ. ದೋಷಪ್ರಕರಣದ ಜೊತೆಗಿಟ್ಟು ಓದಿದರೆ ಅದು ಕವಿಗೆ ಕೊಟ್ಟ ಎಚ್ಚರಿಕೆಯೂ ಹೌದು: ಇಂಥ ಕಿವಿಗಳ ಮುಂದೆ ಎಡವಿದರೆ ಪಾಂಡಿತ್ಯ ಕಾಯುವುದಿಲ್ಲ.

ಇಂದಿನ ಸಂಶೋಧನ ಪ್ರಬಂಧಗಳಲ್ಲಿ ಉದ್ದುದ್ದ ಸಮಾಸಗಳೂ ಎರವಲು ಪರಿಭಾಷೆಯೂ ತುಂಬಿ, ವಿಷಯವನ್ನು ಬಲ್ಲವನಿಗೂ ವಾಕ್ಯ ದಕ್ಕದೆ ಹೋಗುತ್ತಿದೆ. ಆದ್ದರಿಂದ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದವನ್ನು ಗಟ್ಟಿಯಾಗಿ ಓದಿರಿ; ಆಮೇಲೆ ನಿಮ್ಮ ಪ್ರಬಂಧದ ಒಂದು ಪುಟವನ್ನು ಮನೆಯವರಿಗೆ ಓದಿ ಹೇಳಿರಿ. ಅವರು ಎಲ್ಲಿ ತಡೆದು ಕೇಳುತ್ತಾರೋ ಅಲ್ಲಿಂದ ತಿದ್ದಲು ತೊಡಗಬಹುದು.