ಜಾಲಹಳ್ಳಿಯ ತಾಯಿಯಂತ್ರಗಳು

ಯಂತ್ರಗಳನ್ನು ತಯಾರಿಸುವ ಯಂತ್ರಕ್ಕೆ ಕಾರ್ಖಾನೆಯವರು ‘ಮದರ್ ಮಷಿನ್’ ಎನ್ನುತ್ತಾರೆ. ಲೇತ್, ಮಿಲ್ಲಿಂಗ್, ಗ್ರೈಂಡಿಂಗ್, ಡ್ರಿಲ್ಲಿಂಗ್ ಯಂತ್ರಗಳೆಲ್ಲ ಈ ಕುಲದವೇ. ನೀರಿನ ಪಂಪಿನ ಶಾಫ್ಟ್ ಇರಲಿ, ಬಸ್ಸಿನ ಗೇರ್ ಇರಲಿ, ಲೋಹವನ್ನು ಹೆರೆದು, ಕೊರೆದು, ಉಜ್ಜಿ ಅಳತೆಗೆ ತರುವುದು ಇವು. ತಾಯಿಯಂತ್ರದಲ್ಲಿ ಎಷ್ಟು ನಿಖರತೆ ಇದೆಯೋ ಅದಕ್ಕಿಂತ ಹೆಚ್ಚಿನದು ಅದು ಮಾಡಿಕೊಡುವ ಬಿಡಿಭಾಗಕ್ಕೆ ಸುಲಭವಾಗಿ ಬರುವುದಿಲ್ಲ. ಹಾಗಾಗಿ ಇವನ್ನು ಹೊರಗಿನಿಂದಲೇ ತರಿಸಿಕೊಳ್ಳುವ ದೇಶ ಎಷ್ಟು ಕಾರ್ಖಾನೆ ತೆರೆದರೂ ಅದರ ಕೈಗಾರಿಕೆಯ ಬೇರು ಬೇರೆಯವರ ನೆಲದಲ್ಲೇ ಇರುತ್ತದೆ.

ಈ ಮಾತು ಭಾರತಕ್ಕೆ ಮನದಟ್ಟಾದದ್ದು ಎರಡನೆಯ ಮಹಾಯುದ್ಧದಲ್ಲಿ. ಬ್ರಿಟನ್ನಿನಿಂದ ಬರಬೇಕಾದ ಯಂತ್ರಗಳು ಬಾರದಾದಾಗ ಇಲ್ಲಿಯೇ ತಯಾರಿಸುವುದು ಅನಿವಾರ್ಯವಾಯಿತು. 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು. ಅದರ ಲೇತ್‌ಗಳು ಮುಂದೆ ದೇಶದ ಎಷ್ಟೋ ವರ್ಕ್‌ಶಾಪ್‌ಗಳನ್ನು ಸೇರಿದವು. 1943ರಲ್ಲಿ ಸಿಕಂದರಾಬಾದಿನಲ್ಲಿ ಪ್ರಾಗಾ ಟೂಲ್ಸ್ ಬಂತು. ಯುದ್ಧ ಮುಗಿದು ಆಮದು ಮತ್ತೆ ಶುರುವಾದ ಕೂಡಲೇ ಈ ಎಳೆಯ ಉದ್ಯಮ ತತ್ತರಿಸಿತು. ಖಾಸಗಿ ಬಂಡವಾಳಕ್ಕೆ ಇದರಲ್ಲಿ ಆಸೆ ಹುಟ್ಟುವುದೂ ಕಷ್ಟ. ಹಣ ಹೂಡಿ ವರ್ಷಗಟ್ಟಲೆ ಕಾಯಬೇಕು, ಕೊಳ್ಳುವವರು ಕೆಲವರೇ, ಆರ್ಥಿಕತೆ ಸ್ವಲ್ಪ ಜಗ್ಗಿದರೂ ಮೊದಲು ರದ್ದಾಗುವುದು ಯಂತ್ರದ ಆರ್ಡರು.

ಸ್ವತಂತ್ರ ಭಾರತದ ಸರ್ಕಾರ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯೊಂದಿಗೆ 1949ರಲ್ಲಿ ಒಪ್ಪಂದ ಮಾಡಿಕೊಂಡಿತು. 1953ರಲ್ಲಿ ಬೆಂಗಳೂರಿನ ಹೊರವಲಯದ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, ನೋಂದಣಿಯಾಯಿತು. ಅಲ್ಲಿಂದ ಹೊರಬಂದ ಮೊದಲ ಯಂತ್ರ ಎಚ್ 22 ಲೇತ್.

ಲೇತ್ ಮಾಡುವುದೆಂದರೆ ಏನು ಎಂಬುದನ್ನು ಅದರ ಬೆಡ್‌ನಿಂದಲೇ ತಿಳಿಯಬೇಕು. ಯಂತ್ರದ ಉಳಿದೆಲ್ಲ ಅಂಗಗಳು ಕೂರುವ ಎರಕದ ಕಬ್ಬಿಣದ ಅಡಿಪಾಯವಿದು. ಎರಕ ಹೊಯ್ದ ತಕ್ಷಣ ಬಳಸಿದರೆ ಲೋಹದೊಳಗಿನ ಬಿಗಿತ ಮೆಲ್ಲಗೆ ಸಡಿಲಿ ಬೆಡ್ ಬಾಗುತ್ತದೆ. ಅದಕ್ಕೇ ಹಿಂದೆ ಎರಕಗಳನ್ನು ತಿಂಗಳುಗಟ್ಟಲೆ ಬಯಲಿನಲ್ಲಿ, ಬಿಸಿಲು ಮಳೆಗೆ ಬಿಟ್ಟು ಹದಗೊಳಿಸುತ್ತಿದ್ದರು. ಬಳಿಕ ಯಂತ್ರದಲ್ಲಿ ಹೆರೆದು ಸಮ ಮಾಡಿದರೂ ಕೆಲಸ ಮುಗಿಯುವುದಿಲ್ಲ. ಫಿಟ್ಟರ್ ನೀಲಿ ಬಣ್ಣ ಹಚ್ಚಿದ ಸಮತಟ್ಟು ಪಟ್ಟಿಯನ್ನು ಬೆಡ್‌ನ ಮೇಲೆ ಆಡಿಸುತ್ತಾನೆ. ಉಬ್ಬಿದ ಕಡೆ ನೀಲಿ ಅಂಟುತ್ತದೆ. ಆ ಚುಕ್ಕೆಯನ್ನಷ್ಟೇ ಸ್ಕ್ರೇಪರ್‌ನಿಂದ ಕೆರೆಯುತ್ತಾನೆ, ಮತ್ತೆ ಪಟ್ಟಿ ಆಡಿಸುತ್ತಾನೆ, ಮತ್ತೆ ಕೆರೆಯುತ್ತಾನೆ. ಮಿಲಿಮೀಟರಿನ ಸಾವಿರದ ಭಾಗಗಳಲ್ಲಿ ಅಳೆಯುವ ಈ ಕೆಲಸದಲ್ಲಿ ಕಣ್ಣಿಗಿಂತ ಕೈ ಮುಂದು. ಓರ್ಲಿಕಾನ್ ಕಳುಹಿಸಿದ ನಕ್ಷೆಗಳಲ್ಲಿ ಈ ಕೈ ಇರಲಿಲ್ಲ. ಅದನ್ನು ಜಾಲಹಳ್ಳಿಯ ತರಬೇತಿ ಶಾಲೆಯಲ್ಲಿ, ಹುಡುಗರನ್ನು ವರ್ಷಗಟ್ಟಲೆ ಪಳಗಿಸಿ ಬೆಳೆಸಬೇಕಾಯಿತು. ಎಚ್‌ಎಂಟಿ ದೇಶಕ್ಕೆ ಕೊಟ್ಟ ದೊಡ್ಡ ಆಸ್ತಿ ಯಾವುದೆಂದು ಕೇಳಿದರೆ ಯಂತ್ರಗಳಿಗಿಂತ ಮೊದಲು ಈ ಕೆಲಸಗಾರರನ್ನೇ ಹೇಳಬೇಕು.

ಎರಡನೆಯ ಪಂಚವಾರ್ಷಿಕ ಯೋಜನೆ ಮೂಲ ಕೈಗಾರಿಕೆಗೆ ಒತ್ತು ಕೊಟ್ಟಿದ್ದರಿಂದ ಬೇಡಿಕೆ ಏರಿತು. ಲೇತ್ ಜೊತೆಗೆ ಜರ್ಮನಿಯ ಫ್ರಿಟ್ಜ್ ವರ್ನರ್ ಮಾದರಿಯ ಮಿಲ್ಲಿಂಗ್ ಯಂತ್ರ, ಇಟಲಿಯ ಒಲಿವೆಟ್ಟಿ ಮಾದರಿಯ ಗ್ರೈಂಡಿಂಗ್ ಯಂತ್ರಗಳೂ ಬಂದವು. 1961ರಲ್ಲಿ ಎಚ್‌ಎಂಟಿ ತನ್ನ ಲಾಭದಿಂದಲೇ ಬೆಂಗಳೂರಿನಲ್ಲಿ ಎರಡನೆಯ ಕಾರ್ಖಾನೆ ಕಟ್ಟಿಕೊಂಡಿತು. ಪಿಂಜೋರ್, ಕಳಮಶ್ಶೇರಿ, ಹೈದರಾಬಾದುಗಳಲ್ಲಿ ಒಂದರ ಹಿಂದೊಂದು ಘಟಕಗಳು ಎದ್ದವು. 1961ರಲ್ಲೇ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಕೈಗಡಿಯಾರ ಶುರುವಾಯಿತು. ಮನೆಮನೆಯ ಮದುವೆ ಉಡುಗೊರೆಯಾದ ಆ ಗಡಿಯಾರದಿಂದಲೇ ಹೆಚ್ಚಿನವರಿಗೆ ಎಚ್‌ಎಂಟಿ ಗೊತ್ತು. ಹೆಸರಿನೊಳಗಿದ್ದ ‘ಮಷಿನ್ ಟೂಲ್ಸ್’ ಯಾರ ಗಮನಕ್ಕೂ ಬರಲಿಲ್ಲ. 1966–67ರ ಹಿಂಜರಿತದಲ್ಲಿ ಯಂತ್ರದ ಆರ್ಡರುಗಳು ಕುಸಿದಾಗ ಕಂಪನಿ ಮುದ್ರಣಯಂತ್ರ, ಟ್ರ್ಯಾಕ್ಟರುಗಳ ಕಡೆಗೂ ಹೊರಳಿತು.

ಜಾಲಹಳ್ಳಿಯ ಸುತ್ತ ಒಂದು ಪರಿಸರವೇ ಬೆಳೆಯಿತು. 1961ರಲ್ಲಿ ಭಾರತ್ ಫ್ರಿಟ್ಜ್ ವರ್ನರ್, 1962ರಲ್ಲಿ ಚೆಕೊಸ್ಲೊವಾಕಿಯಾದ ನೆರವಿನಿಂದ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಬಂದವು. ಪಕ್ಕದ ಪೀಣ್ಯದಲ್ಲಿ ಸಣ್ಣ ಶೆಡ್ಡುಗಳು ಒತ್ತೊತ್ತಾಗಿ ತುಂಬಿಕೊಂಡವು.

ಅಷ್ಟರಲ್ಲಿ ತಾಯಿಯಂತ್ರದ ಸ್ವರೂಪವೇ ಬದಲಾಗಿತ್ತು. ಟರ್ನರ್ ಕೈಯಿಂದ ತಿರುಗಿಸುತ್ತಿದ್ದ ಚಕ್ರದ ಕೆಲಸವನ್ನು ಕಂಪ್ಯೂಟರ್ ವಹಿಸಿಕೊಂಡಿತು, ಅದೇ ಸಿಎನ್‌ಸಿ. ಜಪಾನ್ ಮತ್ತು ತೈವಾನ್ ಇವನ್ನು ಅಗ್ಗವಾಗಿ, ರಾಶಿರಾಶಿಯಾಗಿ ಮಾಡತೊಡಗಿದವು. ಎಚ್‌ಎಂಟಿ ಕೂಡ ಸಿಎನ್‌ಸಿ ಮಾಡಿತು, ಆದರೆ ರಕ್ಷಣೆಯ ಬೇಲಿಯೊಳಗೆ ಬೆಳೆದ ಕಂಪನಿಗೆ ವೇಗ ಸಾಲಲಿಲ್ಲ. 1991ರ ನಂತರ ಆಮದು ಸುಂಕ ಇಳಿದಾಗ ಅದು ಸೊರಗುತ್ತ ಹೋಯಿತು. 2016ರಲ್ಲಿ ಗಡಿಯಾರ ಘಟಕ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಹರಿಹರದ ಮೈಸೂರು ಕಿರ್ಲೋಸ್ಕರ್ ಅದಕ್ಕೂ ಮೊದಲೇ ಬಾಗಿಲು ಹಾಕಿತ್ತು.

ಆದರೆ ಉದ್ಯಮ ಸತ್ತಿತೆನ್ನುವುದು ಸರಿಯಲ್ಲ. ಅದು ವಿಳಾಸ ಬದಲಿಸಿತು. 1979ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಏಸ್ ಡಿಸೈನರ್ಸ್ ಸಿಎನ್‌ಸಿ ಲೇತ್‌ಗಳಲ್ಲಿ ದೊಡ್ಡ ಹೆಸರಾಯಿತು. ರಾಜ್‌ಕೋಟ್, ಕೊಯಮತ್ತೂರುಗಳೂ ಮೇಲೆದ್ದವು. ಬಂಡವಾಳ ಸರಕು ವಲಯಕ್ಕೆ 2014ರಲ್ಲಿ ಕೇಂದ್ರ ರೂಪಿಸಿದ ಯೋಜನೆಯಲ್ಲಿ ತುಮಕೂರಿನ ವಸಂತನರಸಾಪುರಕ್ಕೆ ಯಂತ್ರೋಪಕರಣ ಪಾರ್ಕ್ ಸಿಕ್ಕಿತು. ಜಾಗ, ರಸ್ತೆ, ವಿದ್ಯುತ್ತು ಬೇಕೇ ಬೇಕು. ಕೊರತೆ ಮಾತ್ರ ಯಂತ್ರದ ಒಡಲಿನಲ್ಲಿದೆ. ಕಂಟ್ರೋಲರ್, ಬಾಲ್ ಸ್ಕ್ರೂ, ಲೀನಿಯರ್ ಗೈಡ್, ಸ್ಪಿಂಡಲ್ ಬೇರಿಂಗುಗಳಲ್ಲಿ ಹೆಚ್ಚಿನವು ಜಪಾನ್, ಜರ್ಮನಿ, ತೈವಾನ್‌ಗಳಿಂದ ಬರುತ್ತವೆ. ತೈವಾನಿನ ತೈಚುಂಗ್ ಸುತ್ತಲಿನ ಸಣ್ಣ ಕಾರ್ಖಾನೆಗಳು ಬಿಡಿಭಾಗಗಳಲ್ಲಿ ಪಳಗಿದ್ದರಿಂದಲೇ ಅಲ್ಲಿನ ಯಂತ್ರಗಳು ಜಗತ್ತಿನ ಮಾರುಕಟ್ಟೆ ಹಿಡಿದವು. ಭಾರತ ಬಳಸುವ ಯಂತ್ರೋಪಕರಣಗಳಲ್ಲಿ ಮೌಲ್ಯದ ಲೆಕ್ಕದಲ್ಲಿ ಸುಮಾರು ಅರ್ಧ ಇಂದಿಗೂ ಆಮದು. ಉದ್ಯಮದ ಪುನಶ್ಚೇತನಕ್ಕೆಂದು ಇಡುವ ಹಣ ಮೊದಲು ಹರಿಯಬೇಕಾದದ್ದು ಈ ಬಿಡಿಭಾಗಗಳಿಗೆ, ಅವನ್ನು ವಿನ್ಯಾಸ ಮಾಡುವವರಿಗೆ.

ಎಚ್‌ಎಂಟಿಯ ಹಳೆಯ ಎನ್‌ಎಚ್ 22 ಲೇತ್‌ಗಳು ಸಣ್ಣ ವರ್ಕ್‌ಶಾಪ್‌ಗಳಲ್ಲಿ ಈಗಲೂ ತಿರುಗುತ್ತಿವೆ. ಬೆಡ್ ಸವೆದರೆ ಊರಿನ ಫಿಟ್ಟರ್ ನೀಲಿ ಹಚ್ಚಿ, ಕೆರೆದು ಸರಿಮಾಡಿ ಕೊಡುತ್ತಾನೆ. ಸಿಎನ್‌ಸಿಯ ಕಂಟ್ರೋಲರ್ ಕೆಟ್ಟರೆ ವಿದೇಶದಿಂದ ಅದರ ಸರ್ಕ್ಯೂಟ್ ಕಾರ್ಡ್ ಬರುವವರೆಗೆ ಯಂತ್ರ ನಿಂತೇ ಇರುತ್ತದೆ.