ಎಣಿಕೆಯ ಚರಿತ್ರೆ ಮತ್ತು ಕೇರಿಯ ಗುಟ್ಟು

ನಮ್ಮ ಚುನಾವಣೆಗಳ ಚರಿತ್ರೆ ಬರೆದವರು ಯಾರು ಗೆದ್ದರು, ಎಷ್ಟು ಮತಗಳಿಂದ ಗೆದ್ದರು ಎಂಬ ಲೆಕ್ಕ ಕೊಟ್ಟು ಸುಮ್ಮನಾಗುತ್ತಾರೆ. ಮತ ಎಣಿಸಿದ ಬಗೆ ಅವರಿಗೆ ಗುಮಾಸ್ತರ ಕೆಲಸವಾಗಿ ಕಂಡಿದೆ. ಕೇರಿಯ ಕಡೆಯಿಂದ ನೋಡಿದರೆ ಚರಿತ್ರೆ ಶುರುವಾಗುವುದೇ ಅಲ್ಲಿಂದ. ಓಟು ಹಾಕಿದ ಮಾರನೆಯ ದಿನ ಅದೇ ಗೌಡರ ಹೊಲಕ್ಕೆ ಕೂಲಿಗೆ ಹೋಗಬೇಕಾದವನಿಗೆ 'ನಾನು ಯಾರಿಗೆ ಹಾಕಿದೆ ಅಂತ ಇವರಿಗೆ ಗೊತ್ತಾಗುತ್ತಾ?' ಅನ್ನುವುದೇ ಮೊದಲ ಪ್ರಶ್ನೆ. ಮತಯಂತ್ರಕ್ಕೂ ಮತ ಎಣಿಕೆಗೂ ಕೃತಕ ಬುದ್ಧಿಮತ್ತೆಯನ್ನು ಬಿಟ್ಟುಕೊಳ್ಳಬೇಕೇ ಎಂಬುದನ್ನು ಈ ಪ್ರಶ್ನೆಯ ಮುಂದೆಯೇ ನಿಲ್ಲಿಸಿ ಕೇಳಬೇಕು.

ವಯಸ್ಕರೆಲ್ಲರಿಗೂ ಮತದ ಹಕ್ಕು ಬೇಕೆಂದು ಅಂಬೇಡ್ಕರ್ 1928ರಲ್ಲೇ ಸೈಮನ್ ಆಯೋಗದ ಮುಂದೆ ಕೇಳಿದ್ದರು. ಅದು ಕೈಗೆ ಬಂದದ್ದು 1951-52ರ ಚುನಾವಣೆಯಲ್ಲಿ. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಓದು ಬಾರದವರು ಚಿಹ್ನೆ ನೋಡಿ, ಮರೆಯಲ್ಲಿ, ಚೀಟಿ ಹಾಕಿ ಬಂದರು. ಮುಂದೆ ಒಂದೇ ಮತಪತ್ರದ ಮೇಲೆ ಮುದ್ರೆ ಒತ್ತುವ ಪದ್ಧತಿ ಬಂತು. ಒಬ್ಬನ ಗುಟ್ಟನ್ನು ಆ ಮರೆ ಕಾಪಾಡಿತು, ನಿಜ. ಇಡೀ ಕೇರಿಯ ಗುಟ್ಟನ್ನು ಕಾಪಾಡುವವರು ಯಾರು? ಅದಕ್ಕೂ ಕಾನೂನಿನಲ್ಲಿ ದಾರಿ ಇತ್ತು. 1961ರ ಚುನಾವಣಾ ನಡವಳಿ ನಿಯಮಗಳಿಗೆ ಸೇರಿದ 59ಎ ನಿಯಮದ ಪ್ರಕಾರ, ಮತದಾರರನ್ನು ಬೆದರಿಸುವ, ಆಮೇಲೆ ಸೇಡು ತೀರಿಸಿಕೊಳ್ಳುವ ಭಯವಿದ್ದ ಕ್ಷೇತ್ರದಲ್ಲಿ ಎಲ್ಲ ಪೆಟ್ಟಿಗೆಗಳ ಮತಪತ್ರಗಳನ್ನು ಬೆರೆಸಿ ಎಣಿಸಿರೆಂದು ಆಯೋಗ ಹೇಳಬಹುದಿತ್ತು. ಕಾಳು ಬೆರೆತ ಮೇಲೆ ಯಾವ ಹೊಲದ್ದು ಅಂತ ಯಾರು ಹೇಳಬೇಕು? ಪ್ರಭುತ್ವ ತಾನೇ ಊರಿನ ಯಜಮಾನಿಕೆಯನ್ನು ಒಪ್ಪಿಕೊಂಡು ಬರೆದ ಸಾಲು ಅದು.

ಆಮೇಲೆ ಯಂತ್ರ ಬಂತು. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮೊದಲ ಪ್ರಯೋಗ. 2004ರಲ್ಲಿ ಇಡೀ ದೇಶದ ಲೋಕಸಭಾ ಚುನಾವಣೆ. ಯಂತ್ರ ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಈ ಯಂತ್ರವನ್ನು ಸುಮ್ಮನೆ ಬೈಯುವುದು ತಪ್ಪು. ನಿಮಿಷಕ್ಕೆ ನಾಲ್ಕು ಮತಕ್ಕಿಂತ ಹೆಚ್ಚು ಅದು ತೆಗೆದುಕೊಳ್ಳುವುದಿಲ್ಲ. ಮತಗಟ್ಟೆಗೆ ನುಗ್ಗಿ ಕಟ್ಟುಗಟ್ಟಲೆ ಮುದ್ರೆ ಒತ್ತುತ್ತಿದ್ದವರ ಕೈಯನ್ನು ಅದು ಕಟ್ಟಿಹಾಕಿತು. ಆದರೆ ಎಣಿಕೆ ಮತಗಟ್ಟೆವಾರು ಆಯಿತು. ದಾರಿಯಲ್ಲಿ ತಡೆಯುತ್ತಾರೆಂದು ಕೇರಿಯಲ್ಲೇ ಮತಗಟ್ಟೆ ಬೇಕೆಂದು ಕೇಳಿದವರು ನಾವು. ಈಗ ಆ ಮತಗಟ್ಟೆಯ ಅಂಕಿಯೇ ನಮ್ಮನ್ನು ತೋರಿಸಿಕೊಡುತ್ತದೆ. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸುವ 'ಟೋಟಲೈಸರ್' ಬೇಕೆಂದು ಆಯೋಗ 2008ರಲ್ಲಿ ಕೇಳಿತು; ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಒಪ್ಪಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ.

ಕೃತಕ ಬುದ್ಧಿಮತ್ತೆಯ ಅಪಾಯ ಇಲ್ಲಿ ಕೂತಿದೆ. ಒಂದು ಕೈಯಲ್ಲಿ ಮತಗಟ್ಟೆಯ ಅಂಕಿ. ಇನ್ನೊಂದರಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಮನೆ ನಂಬರು ಇರುವ ಮತದಾರರ ಪಟ್ಟಿ. ಹೆಸರಿನಿಂದ ಜಾತಿಯನ್ನು, ಮನೆ ನಂಬರಿನಿಂದ ಓಣಿಯನ್ನು ಊಹಿಸುವುದು ಇಂಥ ತಂತ್ರಾಂಶಕ್ಕೆ ಕಷ್ಟವಲ್ಲ. ಮೊದಲು ಜಗುಲಿಯ ಮೇಲೆ ಕೂತು 'ಆ ಕೇರಿಯೋರು ನಮಗೆ ಹಾಕಿಲ್ಲ' ಅಂತ ಅಂದಾಜು ಹಾಕುತ್ತಿದ್ದರು. ಈಗ ಆ ಅಂದಾಜು ಮನೆಮನೆಗೆ ಇಳಿಯಬಲ್ಲದು. ಊಹೆ ತಪ್ಪಿದರೂ ಕೂಲಿ ಕಳೆದುಕೊಳ್ಳುವವನು ಕಳೆದುಕೊಳ್ಳುತ್ತಾನೆ.

'ಯಂತ್ರಕ್ಕೆ ಜಾತಿ ಇಲ್ಲವಲ್ಲ, ಎಣಿಕೆಯನ್ನು ಅದಕ್ಕೇ ಬಿಡೋಣ' ಅನ್ನುವ ಗೆಳೆಯರಿದ್ದಾರೆ. ಗುಂಡಿ ಒತ್ತಿದ್ದನ್ನು ಎಣಿಸುವ ಯಂತ್ರದ ಮಟ್ಟಿಗೆ ಈ ಮಾತು ಸರಿ. ಹಳೆಯ ದಾಖಲೆಗಳಿಂದ ಕಲಿತು ತೀರ್ಪು ಕೊಡುವ ಯಂತ್ರಕ್ಕೆ ಈ ಮಾತು ಸಲ್ಲದು. ಆ ದಾಖಲೆ ಬರೆದ ಕೈಗಳಿಗೆ ಜಾತಿ ಇತ್ತು. 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮತಪತ್ರಕ್ಕೆ ಮರಳಬೇಕೆಂಬ ಬೇಡಿಕೆಯನ್ನು ತಳ್ಳಿಹಾಕಿ, ವಿವಿಪ್ಯಾಟ್ ಚೀಟಿಗಳನ್ನು ಯಂತ್ರದಿಂದ ಎಣಿಸಬಹುದೇ ಪರಿಶೀಲಿಸಿ ಎಂದಿತು. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳಿಗೆ ಮತಪತ್ರವೇ ಇರಲಿ ಎಂದು ಶಿಫಾರಸು ಮಾಡಿತು. ಎರಡು ದಾರಿಯಲ್ಲೂ ಕಾಗದ ಓದುವ ಯಂತ್ರ ಬಾಗಿಲಿಗೆ ಬರಬಹುದು. ಚೀಟಿ ಎಣಿಸಲಿ, ಬ್ಯಾಂಕಿನಲ್ಲಿ ನೋಟು ಎಣಿಸುವ ಹಾಗೆ. ಆದರೆ ಕೈ ನಡುಗುವ ಅಜ್ಜಿಯ ಮುದ್ರೆ ಮಸುಕಾಗಿ ಬಿದ್ದಿದ್ದರೆ? 1961ರ ಅದೇ ನಿಯಮಗಳಲ್ಲಿ 56ನೆಯದು, ಗುರುತು ಮಸುಕಾದ ಮಾತ್ರಕ್ಕೆ ಮತವನ್ನು ತಿರಸ್ಕರಿಸಬೇಡಿ, ಇಂಗಿತ ಸ್ಪಷ್ಟವಿದ್ದರೆ ಸಾಕು ಅನ್ನುತ್ತದೆ. ತಿರಸ್ಕರಿಸುವ ಮುನ್ನ ಏಜೆಂಟರಿಗೆ ತೋರಿಸಬೇಕು, ಕಾರಣ ಬರೆಯಬೇಕು. ಕಾರಣ ಹೇಳಲಾರದ ಯಂತ್ರದ ಮುಂದೆ ನಮ್ಮ ಏಜೆಂಟ್ ಯಾರ ಜೊತೆ ಜಗಳ ಆಡಬೇಕು?

ಬೇರೆ ದೇಶದ ನ್ಯಾಯಾಲಯವೊಂದು ಇದನ್ನು ಆಗಲೇ ಕೇಳಿದೆ. ಚುನಾವಣೆಯ ಮುಖ್ಯ ಹಂತಗಳನ್ನು ವಿಶೇಷ ಪರಿಣತಿ ಇಲ್ಲದ ಪ್ರಜೆಯೂ ಪರೀಕ್ಷಿಸುವಂತಿರಬೇಕು ಎಂದು ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರಲ್ಲಿ ಹೇಳಿತು.

ನಮ್ಮ ಒತ್ತಾಯ ಮೂರೇ. ಕಲಿತು ಊಹಿಸುವ ತಂತ್ರಾಂಶ ಮತಯಂತ್ರದೊಳಗೂ ಎಣಿಕೆಯ ಮೇಜಿಗೂ ಬರಬಾರದು. ಅನುಮಾನದ ಮತವನ್ನು ಎಲ್ಲರ ಎದುರು ನಿರ್ಧರಿಸಿ ಸಹಿ ಹಾಕುವವನು ಮನುಷ್ಯನೇ ಆಗಿರಬೇಕು. ಮತಗಟ್ಟೆಗಳ ಅಂಕಿ ಮತ್ತೆ ಬೆರೆಯಬೇಕು. ಬೆರೆತರೂ ಅಭ್ಯರ್ಥಿಗಳ ಏಜೆಂಟರು ತಾಳೆ ನೋಡುವಂತಿರಬೇಕು. ದಲಿತ ವಿಮರ್ಶೆ ಕಾವ್ಯ, ಕಾದಂಬರಿಗಳ ಜೊತೆಗೆ ಈ ನಿಯಮಗಳ ಪುಸ್ತಕವನ್ನೂ ಓದಲಿ. ಕೇರಿಯ ಭಯವನ್ನು ಸರ್ಕಾರದ ಭಾಷೆಯಲ್ಲಿ ಬರೆದಿಟ್ಟ ಅಪರೂಪದ ಪಠ್ಯ ಅದು.